ಗೆರೆ ಟೈರಿನ ಮಳೆಗಾಲ

ಹೋದ ತಿಂಗಳು ಕಡೂರಿನಲ್ಲಿ ಅಣ್ಣನ ಮಗಳು ಅನು ನನ್ನನ್ನು ಟೈರಿನ ಅಂಗಡಿಗೆ ಕರೆದುಕೊಂಡು ಹೋದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಈಗ ಆಳೆತ್ತರದ ಮೋಟರ್ ಸೈಕಲ್ಲೊಂದನ್ನು ಕೊಂಡಿದ್ದಾಳೆ. ಬೆಟ್ಟ ಹತ್ತುತ್ತದಂತೆ, ಹಳ್ಳ ದಾಟುತ್ತದಂತೆ. ಅದರ ಟೈರು ಸವೆದಿತ್ತು. ಹೊಸದು ಯಾವುದು ಹಾಕಿಸಬೇಕು ಎನ್ನುವುದು ಅವಳ ಚಿಂತೆ. ಅಂಗಡಿಯೊಳಗೆ ಕಾಲಿಡುತ್ತಿದ್ದ ಹಾಗೆ ಹೊಸ ರಬ್ಬರಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು.

ಅಂಗಡಿಯವನು ದಪ್ಪ ದಪ್ಪ ಹಲ್ಲಿನ ಮಣ್ಣು ಟೈರೊಂದನ್ನು ಉರುಳಿಸಿಕೊಂಡು ಬಂದು, ಈ ಗಾಡಿಗೆ ಇದನ್ನು ಹಾಕಿದರೇನೇ ಲಕ್ಷಣ ಎಂದ. ಅನುವಿನ ಕಣ್ಣೂ ಅದರ ಮೇಲೆಯೇ ಇತ್ತು. ದಿನಾ ಎಲ್ಲಿ ಓಡಾಡುತ್ತೀಯಮ್ಮ ಎಂದು ಕೇಳಿದೆ. ಕಡೂರಿನಿಂದ ತರೀಕೆರೆಗೆ, ಹೆದ್ದಾರಿಯಲ್ಲಿ, ಎಂದಳು. ಬೆಟ್ಟಕ್ಕೆ? ವರ್ಷಕ್ಕೆ ಒಂದೋ ಎರಡೋ ಸಲ. ಹಾಗಾದರೆ ಆ ಹಲ್ಲಿನದನ್ನು ಅಲ್ಲೇ ಇಡಪ್ಪ, ರಸ್ತೆ ಟೈರು ತೆಗಿ ಎಂದೆ ಅಂಗಡಿಯವನಿಗೆ. ಅವನು ನನ್ನ ನರೆತ ತಲೆಯನ್ನೂ ಸೀರೆಯನ್ನೂ ನೋಡಿ ಆ ಕಡೆ ತಿರುಗಿ ನಕ್ಕ. ನನಗೆ ಸಿಟ್ಟು ಬರಲು ಅಷ್ಟು ಸಾಕು. ನೀನು ಹುಟ್ಟುವ ಮೊದಲೇ ಈ ಜಗಳ ಆಡಿ ಗೆದ್ದವಳು ಕಣಪ್ಪ ನಾನು ಎಂದು ಅಲ್ಲೇ ಒಂದು ಸ್ಟೂಲು ಎಳೆದುಕೊಂಡು ಕೂತೆ. ಹಳೆಯದು ಬಿಚ್ಚಿ ಹೊಸದು ಹಾಕುವಷ್ಟು ಹೊತ್ತಿನಲ್ಲಿ ಅನುವಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅದು ಎಂಬತ್ತರ ದಶಕದ ಮಧ್ಯದ ಒಂದು ಮಳೆಗಾಲ. ನಾನಾಗ ಆರೋಗ್ಯ ಇಲಾಖೆಯಲ್ಲಿ ಹಳ್ಳಿ ತಿರುಗುವ ನರ್ಸು. ಮನೆ ತರೀಕೆರೆಯಲ್ಲಿ. ನನ್ನ ಪಾಲಿನ ಹಳ್ಳಿಗಳೆಲ್ಲ ಅಜ್ಜಂಪುರದ ಆಚೆ, ಅಂತರಘಟ್ಟೆ ಕಡೆಯ ಎರೆ ಹೊಲಗಳ ನಡುವೆ. ಒಂದೇ ಸೀಮೆ ಎನ್ನುತ್ತೇವೆ, ಆದರೆ ಮಣ್ಣು ಒಂದೇ ಅಲ್ಲ. ಕಡೂರಿನದು ಕೆಂಪು ಗರಸು. ಎಷ್ಟು ಮಳೆ ಹುಯ್ದರೂ ನೀರು ಕುಡಿದು ಗಟ್ಟಿಯಾಗಿ ಕೂತಿರುತ್ತದೆ. ಅಜ್ಜಂಪುರದ್ದು ಕಪ್ಪು ಎರೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆ ಬಿದ್ದರೆ ಇಟ್ಟ ಕಾಲನ್ನು ವಾಪಸ್ ಕೊಡದ ಅಂಟು. ಇದು ಅಲ್ಲಿಯ ಎಳೆ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದೆ ಇದ್ದದ್ದು ಕಡೂರಿನ ನನ್ನ ಅಣ್ಣನಿಗೆ.

ಆ ವರ್ಷ ದಡಾರದ ಲಸಿಕೆ ನಮ್ಮ ಕಡೆಗೆ ಹೊಸದಾಗಿ ಬಂದಿತ್ತು. ಬಲು ನಾಜೂಕಿನ ಔಷಧಿ. ಬಿಸಿ ತಗುಲಿದರೆ ಕೆಟ್ಟಿತು. ಆಮೇಲೆ ಚುಚ್ಚಿದರೂ ಒಂದೇ, ಬಿಟ್ಟರೂ ಒಂದೇ. ತರೀಕೆರೆ ಆಸ್ಪತ್ರೆಯ ಫ್ರಿಜ್ಜಿನಿಂದ ತೆಗೆದ ಮೇಲೆ ಮಗುವಿನ ತೋಳು ಮುಟ್ಟುವ ತನಕ ಅದು ಐಸಿನಲ್ಲೇ ಇರಬೇಕು. ಐಸ್ ಕರಗಿದ್ದರೆ ಕೊಡಬೇಡ, ಚೆಲ್ಲಿ ಬಾ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಐಸ್ ಕ್ಯಾಂಡಿ ಮಾಡುವವರ ಹತ್ತಿರ ಗಡ್ಡೆ ತಂದು, ಕುಟ್ಟಿ, ಅಗಲ ಬಾಯಿಯ ಫ್ಲಾಸ್ಕಿಗೆ ತುಂಬಿ, ಅದರ ಮಧ್ಯೆ ಸೀಸೆಗಳನ್ನು ಇಡುತ್ತಿದ್ದೆ. ಆ ಫ್ಲಾಸ್ಕನ್ನು ಮರದ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ ಕತ್ತಿನ ತನಕ ಹೂಳುತ್ತಿದ್ದೆ. ತರೀಕೆರೆಯಲ್ಲಿ ಸಾಮಿಲ್ಲುಗಳಿಗೇನು ಬರವೇ, ಹೊಟ್ಟು ಎಷ್ಟು ಬೇಕಾದರೂ ಸಿಗುತ್ತಿತ್ತು. ಸಿಗದೆ ಇದ್ದದ್ದು ಹೊತ್ತಿಗೆ ಸರಿಯಾದ ಬಸ್ಸು. ಅದು ಕೈ ಅಡ್ಡ ಹಾಕಿದಲ್ಲೆಲ್ಲ ನಿಂತು, ಅಜ್ಜಂಪುರದಲ್ಲಿ ಡ್ರೈವರು ಊಟ ಮಾಡಿ ಎಲೆಅಡಿಕೆ ಮೆದ್ದು, ಮಳೆ ಜೋರಾದರೆ ಅಲ್ಲಿಂದಲೇ ಹಿಂದಕ್ಕೆ ತಿರುಗುತ್ತಿತ್ತು. ಪೆಟ್ಟಿಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತ ನನಗೆ ಕಿಟಕಿಯಾಚೆ ಏನೂ ಕಾಣುತ್ತಿರಲಿಲ್ಲ. ಐಸು ಕರಗುತ್ತಿದೆ, ಐಸು ಕರಗುತ್ತಿದೆ, ಇದೊಂದೇ ಜಪ.

ನನ್ನ ಹಳ್ಳಿಗಳಲ್ಲಿ ಕಟ್ಟಕಡೆಯದು ಒಂದು ಸಣ್ಣ ಹಟ್ಟಿ. ಸರ್ಕಾರಿ ಹೆಸರು ಬೇರೆ ಇತ್ತು, ನಾವೆಲ್ಲ ಎರೆಹಟ್ಟಿ ಎನ್ನುತ್ತಿದ್ದೆವು. ಟಾರು ರಸ್ತೆ ಮುಗಿದ ಮೇಲೆ ಹೊಲಗಳ ನಡುವಿನ ಗಾಡಿ ಜಾಡಿನಲ್ಲಿ ಹೋಗಬೇಕು. ಅಲ್ಲಿ ಕೆಂಚಜ್ಜಿ ಎಂಬ ಮುದುಕಿ ಹೂಂ ಎಂದರೆ ಹಟ್ಟಿಯೆಲ್ಲ ಹೂಂ, ಊಹೂಂ ಎಂದರೆ ಹಟ್ಟಿಯೆಲ್ಲ ಊಹೂಂ. ಹಿಂದಿನ ವರ್ಷ ದಡಾರದಲ್ಲಿ ಅವಳ ಮೊಮ್ಮಗ ತೀರಿಕೊಂಡಿದ್ದ. ಆಗ ಆ ಕಡೆಗೆ ಲಸಿಕೆಯೂ ಬಂದಿರಲಿಲ್ಲ, ನಾನೂ ಬಂದಿರಲಿಲ್ಲ. ನಮ್ಮವರಿಗೆ ದಡಾರ ಎಂದರೆ ಮನೆಗೆ ಅಮ್ಮ ಬಂದ ಹಾಗೆ. ಅಮ್ಮ ಇರುವಷ್ಟು ದಿನ ಒಗ್ಗರಣೆ ಹಾಕುವಂತಿಲ್ಲ, ಕರಿಯುವಂತಿಲ್ಲ, ಸೂಜಿ ಚುಚ್ಚುವುದಂತೂ ದೂರವೇ ಉಳಿಯಿತು. ಬೇವಿನ ಸೊಪ್ಪು, ಮೊಸರನ್ನ, ತಣ್ಣೀರು, ಎಲ್ಲ ತಂಪಾಗಿರಬೇಕು. ಕೆಂಚಜ್ಜಿ ಒಂದನ್ನೂ ಬಿಡದೆ ಮಾಡಿದ್ದಳು. ಆದರೂ ಮಗುವಿನ ಮೈ ಕೊನೆಯ ತನಕ ಕೆಂಡದ ಹಾಗೆ ಸುಡುತ್ತಲೇ ಇತ್ತಂತೆ. ತಂಪು ಸಾಲಲಿಲ್ಲ ಎಂದೇ ಅವಳು ತಿಳಿದುಕೊಂಡಿದ್ದಳು.

ಈಗ ಅವಳ ಸೊಸೆ ರತ್ನಿಯ ಮಡಿಲಲ್ಲಿ ಇನ್ನೊಂದು ಕೂಸು, ಹೆಣ್ಣು. ಒಂಬತ್ತು ತಿಂಗಳು ತುಂಬಿತ್ತು, ಲಸಿಕೆಯ ವಯಸ್ಸು. ಪಕ್ಕದ ಹಳ್ಳಿಯಲ್ಲಿ ಆಗಲೇ ದಡಾರ ಕಾಣಿಸಿಕೊಂಡಿತ್ತು. ಮೊದಲ ಸಲ ಬರಿಗೈಯಲ್ಲಿ ಹೋಗಿ ಮಾತಾಡಿಸಿದಾಗ ಮುದುಕಿ ನನ್ನನ್ನು ಹೊಸಲಿನ ಆಚೆಯೇ ನಿಲ್ಲಿಸಿದಳು. ಸೂಜಿ ಎಂದರೆ ಅಮ್ಮನಿಗೆ ಉರಿ ಎಂದಳು. ಈ ಔಷಧಿ ಸುಮ್ಮನೆ ಬರುವುದಲ್ಲ ಅಜ್ಜಿ, ಐಸಿನಲ್ಲೇ ಹುದುಗಿಕೊಂಡು ಬರಬೇಕು, ಸ್ವಲ್ಪ ಬೆಚ್ಚಗಾದರೂ ಕೆಲಸಕ್ಕೆ ಬಾರದು ಎಂದು ನಾನು ಏನೋ ಹೇಳಲು ಹೋಗಿ ಇದನ್ನು ಹೇಳಿದೆ. ಅವಳ ಮುಖವೇ ಬೇರೆಯಾಯಿತು. ಹತ್ತಿರ ಬಂದಳು.

"ತಣ್ಣಗಿರೋ ಔಷ್ದಿಯಾ? ಹಂಗಾರೆ ಅಮ್ಮ ಒಪ್ತಾಳೆ. ತಣ್ಣಗೆ ತಂದ್ರೆ ನಾನೇ ಕೂಸ್ನ ಹಿಡ್ಕಂಡು ಕುಂತ್ಕಂತೀನಿ. ಬೆಚ್ಚಗೆ ತಂದ್ರೆ ಮಾತ್ರ ನನ್ನ ಹೊಸ್ಲು ಹತ್ತಬ್ಯಾಡ ನರ್ಸವ್ವ."

ಡಾಕ್ಟರ ಕಾರಣ ಬೇರೆ, ಮುದುಕಿಯ ಕಾರಣ ಬೇರೆ, ಹಾಕಿದ ಷರತ್ತು ಮಾತ್ರ ಇಬ್ಬರದೂ ಒಂದೇ. ನಾನು ವಾದ ಮಾಡಲು ಹೋಗಲಿಲ್ಲ. ಆ ಹಟ್ಟಿಗೆ ಐಸು ಮುಟ್ಟಿಸುವುದೊಂದೇ ನನ್ನ ಕೆಲಸ ಎಂದು ಸೆರಗು ಕಟ್ಟಿಕೊಂಡೆ.

ಬಸ್ಸನ್ನು ನಂಬಿದರೆ ಕೆಟ್ಟೆ ಎಂದು ಆ ಭಾನುವಾರವೇ ಕಡೂರಿಗೆ ಹೋದೆ. ಅಣ್ಣ ಸಿದ್ರಾಮಣ್ಣನದು ಹೆದ್ದಾರಿ ಬದಿಯಲ್ಲಿ ಪಂಚರ್ ಅಂಗಡಿ. ಅಲ್ಲಿ ಒಂದು ಮೋಟರ್ ಸೈಕಲ್ ನಿಂತಿರುತ್ತಿತ್ತು. ಲಿಂಗದಹಳ್ಳಿ ಆಚೆಯ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರೊಬ್ಬರು ಬೆಟ್ಟ ಹತ್ತಲು ಇಟ್ಟುಕೊಂಡಿದ್ದು, ವಯಸ್ಸಾಯಿತೆಂದು ಅಣ್ಣನಿಗೆ ಬಿಟ್ಟ ಗಾಡಿ. ಅಗಲ ಹ್ಯಾಂಡಲ್ಲು, ಮೇಲಕ್ಕೆ ತಿರುಗಿಸಿದ ಸೈಲೆನ್ಸರು, ಹಿಂದೆ ಮುಂದೆ ಬಟನ್ ಟೈರು. ಬಟನ್ ಟೈರು ಎಂದರೆ ಈಗಿನವರ ಮಣ್ಣು ಟೈರೇ. ಮೈತುಂಬ ರಬ್ಬರಿನ ಅಚ್ಚುಬೆಲ್ಲ ಅಂಟಿಸಿದ ಹಾಗೆ ಇರುತ್ತದೆ. ಅಣ್ಣನಿಗೆ ಆ ಗಾಡಿ ಎಂದರೆ ಪ್ರಾಣ, ಆ ಟೈರುಗಳೆಂದರೆ ಅದಕ್ಕಿಂತ ಹೆಚ್ಚು. ಎಮ್ಮೆದೊಡ್ಡಿ ಕಾವಲಿನಲ್ಲಿ ಮಳೆ ಬರುವಾಗಲೇ ಬೇಕೆಂದು ಓಡಿಸಿ, ದನ ಕಾಯುವವರ ಬಾಯಿ ತೆರೆಸಿ ಬಂದಿದ್ದ.

ಹೆಂಗಸರು ಮೋಟರ್ ಸೈಕಲ್ ಓಡಿಸುವುದುಂಟೇ ಎಂದು ಅತ್ತಿಗೆ ಗಲ್ಲದ ಮೇಲೆ ಕೈಯಿಟ್ಟುಕೊಂಡರು. ಅಣ್ಣ ಮಾತ್ರ ಬೇಡ ಅನ್ನಲಿಲ್ಲ. ನನ್ನ ಹಟ ಅವನಿಗೆ ತೊಟ್ಟಿಲಿನಿಂದ ಗೊತ್ತು. ಸಂತೆ ಮಾಳದಲ್ಲಿ ಕಲಿಸಿದ. ಸೀರೆಯೊಳಗೆ ಅವನದೇ ಹಳೆಯ ಪ್ಯಾಂಟು. ಬಿದ್ದೆ, ಎದ್ದೆ, ಮೊಣಕಾಲು ಕೆತ್ತಿಸಿಕೊಂಡೆ, ಮತ್ತೆ ಹತ್ತಿದೆ. ಸೀಟು ಎತ್ತರ, ನಿಲ್ಲಿಸಿದರೆ ನನ್ನ ಹೆಬ್ಬೆರಳ ತುದಿ ಮಾತ್ರ ನೆಲ ಮುಟ್ಟುತ್ತಿತ್ತು. ಆದರೂ ಕಲಿತೆ. ತರೀಕೆರೆಯ ಬೀದಿಯಲ್ಲಿ ಮೊದಲ ದಿನ ಅಂಗಡಿ ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತು ನೋಡಿದರು. ನೋಡಲಿ ಬಿಡು, ಕಣ್ಣಿರುವುದೇ ಅದಕ್ಕೆ ಎಂದುಕೊಂಡು ಸೀದಾ ಹೋದೆ.

ಪುನರ್ವಸು ಮಳೆ ಹಿಡಿದಾಗ ಪೆಟ್ಟಿಗೆಯನ್ನು ಹಿಂದೆ ಕಟ್ಟಿಕೊಂಡು ಎರೆಹಟ್ಟಿಗೆ ಹೊರಟೆ. ಅಣ್ಣನ ಮುದ್ದಿನ ಟೈರುಗಳ ಬಣ್ಣ ಅಂದು ಬಯಲಾಯಿತು. ಟಾರಿನ ಮೇಲೆ ಆ ಬಟನ್ನುಗಳು ಒಂದೊಂದೂ ಒಂದೊಂದು ಕಲ್ಲಿನ ಹಾಗೆ ಕುಟ್ಟುತ್ತಿದ್ದವು. ಗುಂಯ್ ಎಂಬ ಒಂದೇ ಸ್ವರ, ಅಂಗೈ ಜೋಮು, ಬೆನ್ನೆಲುಬಿನ ತನಕ ನಡುಕ. ಒದ್ದೆ ಟಾರಿನ ತಿರುವಿನಲ್ಲಿ ಚಕ್ರ ಜಾರಿತು ನೋಡಿ, ಹೇಗೋ ಸಾವರಿಸಿಕೊಂಡೆ. ರಬ್ಬರು ಬೇಕಾದಷ್ಟಿದೆ, ಆದರೆ ರಸ್ತೆಯನ್ನು ಮುಟ್ಟುವುದು ಆ ಬಟನ್ನುಗಳ ನೆತ್ತಿ ಮಾತ್ರ. ಜೋರಾಗಿ ಹೋದರೆ ಬೀಳುತ್ತೇನೆ, ನಿಧಾನ ಹೋದರೆ ಐಸು ನೀರಾಗುತ್ತದೆ. ನಿಧಾನವೇ ಹೋದೆ. ಇರಲಿ, ಮಣ್ಣು ಸಿಕ್ಕ ಮೇಲೆ ಇದರ ಗತ್ತು ನೋಡೋಣ ಎಂದು ಹಲ್ಲು ಕಚ್ಚಿಕೊಂಡೆ.

ಮಣ್ಣು ಸಿಕ್ಕಿತು. ಎರೆ ಜಾಡಿಗೆ ಇಳಿದು ಒಂದು ಹೊಲದ ಉದ್ದ ಹೋಗಿರಲಿಲ್ಲ, ಬಟನ್ನುಗಳ ಸಂದಿಯೆಲ್ಲ ಎರೆ ಮೆತ್ತಿಕೊಂಡಿತು. ಮೆತ್ತಿದ್ದು ಬಿಡಲಿಲ್ಲ, ಅದರ ಮೇಲೆ ಇನ್ನಷ್ಟು ಮೆತ್ತಿತು. ಚಕ್ರ ಕಪ್ಪಗೆ ಊದಿಕೊಂಡು ಮಡ್‌ಗಾರ್ಡಿಗೆ ಗಚ್ಚು ಹಾಕಿದ ಹಾಗೆ ಅಂಟಿ ನಿಂತೇ ಹೋಯಿತು. ತಳ್ಳಿದರೆ ಬಾರದು, ಎಳೆದರೆ ಬಾರದು. ಬೇಲಿಯ ಕಡ್ಡಿ ಮುರಿದು ಕೆರೆದೆ. ಒಂದು ಸುತ್ತು ತಿರುಗಿತು, ಮತ್ತೆ ಕಚ್ಚಿಕೊಂಡಿತು. ಕಡೆಗೆ ಗಾಡಿಯನ್ನು ಅಲ್ಲೇ ಬಿಟ್ಟು ಪೆಟ್ಟಿಗೆ ಹೊತ್ತು ಹಟ್ಟಿ ಸೇರುವಷ್ಟರಲ್ಲಿ ಹೊತ್ತು ಮೀರಿತ್ತು.

ಕೆಂಚಜ್ಜಿ ಫ್ಲಾಸ್ಕಿನೊಳಗೆ ಕೈ ಇಳಿಬಿಟ್ಟಳು. ಒಳಗೆ ಬರೀ ನೀರು. ಕೈ ತೆಗೆದು ಸೀರೆಗೆ ಒರೆಸಿಕೊಂಡಳು. ಕೊಡುವುದಿಲ್ಲ ಎಂದು ನಾನೂ ಹೇಳಬೇಕಿತ್ತು, ಬೇಡ ಎಂದು ಅವಳೂ ಹೇಳಬೇಕಿತ್ತು, ಇಬ್ಬರೂ ಹೇಳಲಿಲ್ಲ. ರತ್ನಿ ಕೂಸಿನ ತೋಳಿನ ಮೇಲೆ ಸರಿಸಿದ್ದ ಅಂಗಿಯನ್ನು ಮತ್ತೆ ಕೆಳಗೆಳೆದಳು. ಸೀಸೆಗಳನ್ನು ಬೇಲಿಯಾಚೆ ಗುಂಡಿ ತೋಡಿ ಮುಚ್ಚಿದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಳೆಯ ಮೇಲಲ್ಲ, ಮಣ್ಣಿನ ಮೇಲಲ್ಲ, ಆ ಹಾಳು ಬಟನ್ನಿನ ಮೇಲೆ.

ಮಾರನೆಯ ದಿನ ನಾಲ್ಕು ಜನರ ಕೈಯಲ್ಲಿ ಗಾಡಿಯನ್ನು ಟಾರಿಗೆ ಎತ್ತಿಸಿ, ಅಣ್ಣನ ಅಂಗಡಿಯ ಮುಂದೆ ತಂದು ನಿಲ್ಲಿಸಿ, ಈ ಟೈರು ಬಿಚ್ಚು ಎಂದೆ. ಗೆರೆ ಟೈರು ಹಾಕು. ಉದ್ದುದ್ದ ಗೆರೆ ಕೊರೆದ, ಟಾರು ರಸ್ತೆಯ ಸಾದಾ ಟೈರನ್ನು ನಾವು ಹಾಗೆ ಕರೆಯುತ್ತಿದ್ದೆವು. ಅಣ್ಣನಿಗೆ ತಾಳಿ ಬಿಚ್ಚು ಎಂದಷ್ಟು ಸಂಕಟವಾಯಿತು. ಕೈಯಲ್ಲಿದ್ದ ಟ್ಯೂಬನ್ನು ನೀರಿನ ತೊಟ್ಟಿಗೆ ಎಸೆದು ಎದ್ದು ಬಂದ.

"ಲೇ ಗಿರಿಜಾ, ನಿಂಗೆ ತಲೆ ನೆಟ್ಟಗೈತಾ? ಟಾರ್‌ನಾಗೆ ಯಾವ ಟೈರಾದ್ರೂ ಓಡ್ತದೆ ಕಣೇ. ಮಣ್ಣಿಗೆ ಅಂತ್ಲೇ ಇದು ಇರೋದು."

ನಿನ್ನ ಮಣ್ಣು ಕಡೂರಿನ ಮಣ್ಣು ಅಣ್ಣ, ಎಂದೆ. ಎಮ್ಮೆದೊಡ್ಡಿಯ ಗರಸಿನಲ್ಲಿ ಬಟನ್ನು ಊರಿಕೊಂಡು ಹೋಗುತ್ತದೆ, ಯಾಕೆಂದರೆ ಆ ಮಣ್ಣು ಬಿಟ್ಟುಕೊಡುತ್ತದೆ. ಎರೆ ಬಿಟ್ಟುಕೊಡುವುದಿಲ್ಲ. ಸಂದಿ ಜಾಸ್ತಿ ಇದ್ದಷ್ಟೂ ಅಷ್ಟೂ ತುಂಬಿಕೊಳ್ಳುತ್ತದೆ. ನನ್ನ ದಾರಿಯಲ್ಲಿ ಮುಕ್ಕಾಲುಮೂರು ವೀಸ, ಅಂದರೆ ಹೆಚ್ಚುಕಡಿಮೆ ಪೂರ್ತಿ, ಟಾರು. ಅಲ್ಲಿ ಬಟನ್ನು ನನ್ನನ್ನು ತಡ ಮಾಡುತ್ತದೆ. ಉಳಿದ ಚೂರಿನಲ್ಲಿ ಯಾವ ಟೈರೂ ಹೋಗುವುದಿಲ್ಲ, ಎತ್ತಿನ ಗಾಡಿಯೇ ಹೂತುಕೊಳ್ಳುತ್ತದೆ. ಹೋಗಲಾರದ ದಾರಿಗಾಗಿ ಹೋಗುವ ದಾರಿಯನ್ನು ಯಾಕೆ ಕೆಡಿಸಿಕೊಳ್ಳಲಿ? ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಅಣ್ಣ ಸೋಲುವವನಲ್ಲ.

"ಆಯ್ತು. ಟಾರು ಮುಗೀತು, ಮಣ್ಣು ಬಂತು. ಆಗ ಏನ್ ಮಾಡ್ತೀಯ?"

"ಇಳಿದು ನಡೀತೀನಿ."

"ನಡಿಯೋಕೆ ಮೋಟ್ರು ಸೈಕಲ್ ಯಾಕೆ ಬೇಕಿತ್ತು?"

"ಟಾರು ಮುಗಿಯೋ ತಂಕ ಬೇಗ ಹೋಗೋಕೆ."

ಅವನು ನನ್ನ ಮುಖವನ್ನೇ ನೋಡಿದ. ಆಗ ಹಟ್ಟಿಯ ಕೂಸಿನ ವಿಷಯ ಹೇಳಿದೆ, ಮುದುಕಿ ಸೀರೆಗೆ ಕೈ ಒರೆಸಿಕೊಂಡದ್ದನ್ನೂ ಹೇಳಿದೆ. ಅಣ್ಣ ಸ್ಪ್ಯಾನರ್ ತೆಗೆದುಕೊಂಡ.

ಟೈರು ಆರಿಸಿದ್ದು ನಾನೇ. ಅಂಗಡಿಯಲ್ಲಿದ್ದವನ್ನೆಲ್ಲ ಕೆಳಗಿಳಿಸಿ, ಮೂಸಿ, ಉಗುರು ಒತ್ತಿ ನೋಡಿದೆ. ಮುಂದಿನ ಚಕ್ರಕ್ಕೆ ನೇರ ಗೆರೆಯದು. ಒದ್ದೆಯಲ್ಲಿ ನೀರನ್ನು ಸೀಳಿಕೊಂಡು ಹ್ಯಾಂಡಲ್ ಹೇಳಿದ ಕಡೆ ಹೋಗಬೇಕು. ಹಿಂದಿನದಕ್ಕೆ ಒತ್ತೊತ್ತಾಗಿ ಅಂಕುಡೊಂಕು ಗೆರೆಯದು. ಬ್ರೇಕು ಒತ್ತಿದರೆ ಟಾರನ್ನು ಕಚ್ಚಬೇಕು, ಆದರೆ ಮಣ್ಣು ಕೂರುವಂಥ ಸಂದಿ ಇರಬಾರದು. ಅಗಲವೂ ಸ್ವಲ್ಪ ಕಮ್ಮಿಯದನ್ನೇ ತೆಗೆದೆ, ಮಡ್‌ಗಾರ್ಡಿಗೂ ಚಕ್ರಕ್ಕೂ ನಡುವೆ ಬೆರಳಾಡುವಷ್ಟು ಜಾಗ ಸಿಕ್ಕಿತು. ಅಣ್ಣ ಸೋಪಿನ ನೀರು ಸವರಿ, ಲಿವರ್ ಕೊಟ್ಟು, ಗೊಣಗುತ್ತಲೇ ಟೈರನ್ನು ರಿಮ್ಮಿಗೆ ಕೂರಿಸಿದ. ಹತ್ತಿ ಕೂತೆ, ಗಾಡಿ ಒಂದಿಷ್ಟು ತಗ್ಗಿ ನನ್ನ ಮುಂಗಾಲು ಪೂರ್ತಿ ನೆಲಕ್ಕೆ ಎಟುಕಿತು. ಬೇಟೆ ನಾಯಿಯ ಹಲ್ಲು ಕಿತ್ತೆಯಲ್ಲೇ ಎಂದ ಅಣ್ಣ. ಮುಂದೆ ಎರೆ ಸೀಮೆಯ ಗಿರಾಕಿಗಳು ಬಂದರೆ ಗೆರೆ ಟೈರು ಹಾಕಿಸಿ ಎಂದು ತನ್ನ ಸ್ವಂತ ಬುದ್ಧಿಯ ಹಾಗೆ ಹೇಳುತ್ತಿದ್ದ, ಅದು ಬೇರೆ ಮಾತು.

ಪುಷ್ಯ ಮಳೆ ಬಿಡದೆ ಹಿಡಿದಿತ್ತು. ಪಕ್ಕದ ಹಳ್ಳಿಯಲ್ಲಿ ದಡಾರ ಇನ್ನೂ ನಾಲ್ಕಾರು ಮನೆಗೆ ಹಬ್ಬಿದೆ ಎಂಬ ಸುದ್ದಿ ಬಂದ ದಿನವೇ ಡಾಕ್ಟರ ಹತ್ತಿರ ಹೋಗಿ ಸೀಸೆ ಕೊಡಿ ಎಂದೆ. ಮಳೆ ನಿಲ್ಲಲಿ ಎಂದರು. ದಡಾರ ನಿಂತಿಲ್ಲವಲ್ಲ ಸಾರ್ ಎಂದೆ. ಕೊಟ್ಟರು.

ಟಾರಿನ ಮೇಲೆ ಅಂದು ನಾನು ಹೋದದ್ದು ನೆನೆದರೆ ಈಗಲೂ ಮೈ ಬೆಚ್ಚಗಾಗುತ್ತದೆ. ಸ್ವರವಿಲ್ಲ, ನಡುಕವಿಲ್ಲ. ಮುಂದಿನ ಚಕ್ರ ನೀರನ್ನು ಎರಡೂ ಕಡೆಗೆ ಚೆಲ್ಲುತ್ತ ಗೆರೆ ಎಳೆದ ಹಾಗೆ ಹೋಗುತ್ತಿತ್ತು. ಹಿಂದಿನ ಸಲ ಜಾರಿದ ತಿರುವು ಬಂತು, ಗಾಡಿ ಏನೂ ಆಗದವರ ಹಾಗೆ ತಿರುಗಿಕೊಂಡಿತು. ಅಜ್ಜಂಪುರದ ರೈಲ್ವೆ ಗೇಟು ಮಾತ್ರ ಹಾಕಿತ್ತು. ಗೂಡ್ಸ್ ಗಾಡಿ ಮುಗಿಯುವುದೇ ಇಲ್ಲ. ಉಳಿಸಿದ ಹೊತ್ತೆಲ್ಲ ಅಲ್ಲೇ ಸೋರಿಹೋಗುತ್ತದೆಂದು ನನಗೆ ಅಳು ಬರುವುದೊಂದು ಬಾಕಿ. ಸೆರಗನ್ನು ಮಳೆಯಲ್ಲಿ ನೆನೆಸಿ ಪೆಟ್ಟಿಗೆಯ ಮೇಲೆ ಹೊದೆಸಿ ನಿಂತೆ.

ಟಾರು ಮುಗಿದ ಕಡೆ ಒಂದು ಚಹಾ ಗುಡಿಸಲಿತ್ತು. ಗಾಡಿಯನ್ನು ಅದರ ಸೂರಿಗೆ ಒರಗಿಸಿದೆ. ಜಾಡಿನ ಕಡೆ ಒಂದು ಅಡಿಯೂ ಇಳಿಸಲಿಲ್ಲ. ಚಪ್ಪಲಿ ಅಲ್ಲೇ ಬಿಟ್ಟು, ಸೀರೆ ಮೇಲಕ್ಕೆ ಸಿಕ್ಕಿಸಿ, ಪೆಟ್ಟಿಗೆಯಿಂದ ಫ್ಲಾಸ್ಕನ್ನಷ್ಟೇ ತೆಗೆದು ಎದೆಗವಚಿಕೊಂಡು ನಡೆದೆ. ಎರೆ ಬರಿಗಾಲನ್ನೂ ಬಿಡುವುದಿಲ್ಲ. ಹೆಜ್ಜೆಗೊಮ್ಮೆ ಕಾಲು ಭಾರವಾಗುತ್ತದೆ, ಬದುವಿನ ಹುಲ್ಲಿಗೆ ಒರೆಸಿಕೊಂಡು ಮುಂದೆ ಹೋಗಬೇಕು. ಆದರೆ ಕಾಲು ಮಡ್‌ಗಾರ್ಡಿಗೆ ಕಚ್ಚಿಕೊಳ್ಳುವುದಿಲ್ಲ. ನಡೆದೆ. ಹಾಲು ಹಾಕಿ ಬರುತ್ತಿದ್ದವನೊಬ್ಬ ಈ ಮಳೆಯಲ್ಲಿ ಎಲ್ಲಿಗೆ ನರ್ಸಮ್ಮ ಎಂದು ಕೇಳಿದ. ಉತ್ತರ ಕೊಡಲು ನಿಂತರೆ ಐಸು ಕರಗುತ್ತದೆಂದು ಮಾತೂ ಆಡಲಿಲ್ಲ. ಒಳಗೆ ಟಕ್ ಟಕ್ ಎಂದು ಸಣ್ಣಗೆ ಸದ್ದಾಗುತ್ತಿತ್ತು. ಆ ಸದ್ದು ನಿಲ್ಲದಿದ್ದರೆ ಸಾಕು ತಾಯಿ ಎಂದು ಅಂತರಘಟ್ಟೆಯ ಅಮ್ಮನಿಗೇ ಹೇಳಿಕೊಂಡೆ, ನರ್ಸಾದರೇನಂತೆ.

ಕೆಂಚಜ್ಜಿ ಹೊಸಲಲ್ಲೇ ಕೂತಿದ್ದಳು. ನನ್ನ ಮೊಣಕಾಲ ತನಕದ ಎರೆ ನೋಡಿದಳು. ಫ್ಲಾಸ್ಕಿನ ಮುಚ್ಚಳ ತೆಗೆದು ಮುಂದೆ ಹಿಡಿದೆ. ಅವಳು ಕೈ ಇಳಿಬಿಟ್ಟಳು. ಸೀಸೆಗಳ ಸುತ್ತ ಐಸಿನ ಚೂರುಗಳು ಇನ್ನೂ ಒಂದಕ್ಕೊಂದು ತಾಗುತ್ತಿದ್ದವು. ಮುದುಕಿ ಕೈಯನ್ನು ಬೇಗ ತೆಗೆಯಲಿಲ್ಲ. ಆಮೇಲೆ ಒಳಗೆ ತಿರುಗಿ, ಏ ರತ್ನಿ, ಕೂಸ್ನ ತಾ ಎಂದಳು.

ಹೇಳಿದ ಹಾಗೆ ತಾನೇ ಹಿಡಿದುಕೊಂಡು ಕೂತಳು. ಕೂಸು ಒಂದು ಸಲ ಕಿರುಚಿ, ಅಜ್ಜಿಯ ಮಣಿಸರ ಹಿಡಿದು ಸುಮ್ಮನಾಯಿತು. ಹಟ್ಟಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಒಬ್ಬೊಬ್ಬರೇ ಮಕ್ಕಳನ್ನು ಸೊಂಟದ ಮೇಲೆ ಹೊತ್ತು, ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ಬಂದರು. ಸೀಸೆ ಖಾಲಿಯಾಗುವ ತನಕ ಚುಚ್ಚಿದೆ.

ಎಲ್ಲ ಮುಗಿದು ಫ್ಲಾಸ್ಕು ಮುಚ್ಚುವಾಗ ಕೆಂಚಜ್ಜಿ ಹತ್ತಿರ ಬಂದು, ಉಳಿದ ಚೂರು ಕೊಡುತ್ತೀಯಾ ಎಂದು ಕೇಳಿದಳು. ತಳದಲ್ಲಿ ಗೋಲಿಯಷ್ಟು ಗಾತ್ರದ್ದು ಒಂದೆರಡು ಉಳಿದಿದ್ದವು. ಅಂಗೈಗೆ ಹಾಕಿದೆ. ಬಾಯಿಗೆ ಹಾಕಿಕೊಳ್ಳುತ್ತಾಳೇನೋ ಎಂದುಕೊಂಡೆ. ಅವಳು ಒಳಗೆ ಹೋಗಿ, ಗೋಡೆಯ ಮೂಲೆಯಲ್ಲಿ, ನೆಲದ ಮೇಲೆ ಒಂದು ಕಡೆ ಮೊಣಕಾಲೂರಿದಳು. ಅಲ್ಲಿ ಏನೂ ಇರಲಿಲ್ಲ. ಹೋದ ವರ್ಷ ಮಗುವನ್ನು ಅಲ್ಲೇ ಮಲಗಿಸಿದ್ದು ಎಂದು ರತ್ನಿ ನನ್ನ ಕಿವಿಯಲ್ಲಿ ಹೇಳಿ ಮುಖ ತಿರುಗಿಸಿದಳು. ಮುದುಕಿ ಐಸನ್ನು ಆ ನೆಲದ ಮೇಲೆ, ತಲೆ ಇದ್ದ ಜಾಗದಲ್ಲಿ, ಮೆಲ್ಲಗೆ ಸವರಿದಳು. ಕರಗಿ ನೀರಾಗಿ ಸಗಣಿ ಸಾರಿಸಿದ ನೆಲದೊಳಕ್ಕೆ ಇಂಗುವ ತನಕ ಸವರಿದಳು. ನನಗೆ ಅಳು ತಡೆಯಲು ಆಗಲಿಲ್ಲ, ತಡೆಯಲೂ ಇಲ್ಲ.

ಅವಳು ಒದ್ದೆ ಅಂಗೈಯನ್ನು ನೋಡಿಕೊಳ್ಳುತ್ತ ಹೊರಗೆ ಬಂದಳು.

"ಹೋದೊರ್ಷ ಇಷ್ಟು ತಂಪು ಸಿಕ್ಕಿದ್ರೆ ಸಾಕಿತ್ತು ಕಣವ್ವ."